ಗೋಡೆಯ ಮೇಲಿನ ಚುಕ್ಕೆ

ಹಲ್ಲಿನ ಡಾಕ್ಟರ ಬಳಿ ಸರದಿಗಾಗಿ ಕಾಯುವುದು ಮಕ್ಕಳಿಗೆ ಮಾತ್ರವಲ್ಲ, ಅವರನ್ನು ಕರೆದುಕೊಂಡು ಹೋದ ದೊಡ್ಡವರಿಗೂ ಶಿಕ್ಷೆಯೇ. ಅಂದು ನಮ್ಮ ಸರದಿ ಹನ್ನೊಂದನೆಯದು. ಮೂರನೇ ತರಗತಿಯಲ್ಲಿರುವ ನನ್ನ ಮಗ ಕುರ್ಚಿ ಹತ್ತಿ, ಇಳಿದು, ಗಾಜಿನ ತೊಟ್ಟಿಯ ಮೀನುಗಳಿಗೆಲ್ಲ ಒಂದೊಂದು ಹೆಸರಿಟ್ಟು ಮುಗಿಸಿ, ಕೊನೆಗೆ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಮುಂದೆ ನಿಂತ. ಅದರಲ್ಲೊಂದು ಚೌಕ. ಚೌಕದೊಳಗೆ ಬಳೆಗಳನ್ನು ಒಂದರೊಳಗೊಂದು ಇಟ್ಟಂತೆ ವೃತ್ತಗಳು. ನಟ್ಟನಡುವೆ ಇದ್ದಿಲಿನಂಥ ಕಪ್ಪು ಉಂಡೆ.

“ಅಮ್ಮಾ, ಸೂರ್ಯ ಸೀದುಹೋಗಿದ್ದಾನಾ?”

ಕೂತವರೆಲ್ಲ ನಕ್ಕರು. ನಾನು ಅವನನ್ನು ಹತ್ತಿರಕ್ಕೆ ಎಳೆದುಕೊಂಡು, “ಅದು ಮಾಡರ್ನ್ ಆರ್ಟು ಕಣೋ, ಅದಕ್ಕೆಲ್ಲ ಅರ್ಥ ಇರಲ್ಲ” ಅಂದೆ.

“ಅರ್ಥ ಇಲ್ಲದೇ ಇದ್ರೆ ಯಾಕೆ ಬಿಡಿಸಿದ್ರು?”

ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ನೆರವಿಗೆ ಬಂದರು. “ಇದನ್ನ ನಮ್ಮ ಮೊಮ್ಮಗಳೂ ಬಿಡಿಸ್ತಾಳೆ. ತಟ್ಟೆ ಕವುಚಿ ಗೆರೆ ಎಳೆದರಾಯ್ತು.” ನಾನೂ ತಲೆಯಾಡಿಸಿದೆ. ಚಿತ್ರದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಕಲಾವಿದರ ಹೆಸರಿತ್ತು: ಎಸ್.ಎಚ್. ರಝಾ. ಹೆಸರು ಕೇಳಿದ್ದೆ, ಅಷ್ಟೇ. “ರಜಾ ಅಂತ ಹೆಸರಾ? ಹಾಗಾದ್ರೆ ಅವರಿಗೆ ದಿನಾ ರಜಾನಾ?” ಎಂದು ಮಗ ಇನ್ನೊಂದು ಸುತ್ತು ನಗಿಸಿದ.

ಆ ಹೆಸರು ನನ್ನ ತಲೆಯಲ್ಲಿ ಉಳಿದದ್ದಕ್ಕೆ ಬೇರೆಯೇ ಕಾರಣವಿದೆ. ಅದೇ ವಾರ ಮಗನ ಶಾಲೆಯ ಡೈರಿಯಲ್ಲಿ ಕೆಂಪು ಶಾಯಿಯ ಟಿಪ್ಪಣಿ ಬಂದಿತ್ತು. ‘ಒಂದೆಡೆ ಕೂರುವುದಿಲ್ಲ. ಪಾಠದ ಕಡೆ ಗಮನವಿಲ್ಲ. ಪೋಷಕರು ಗಮನಿಸಬೇಕು.’ ಅಂಥ ಟಿಪ್ಪಣಿ ಓದಿದ ತಾಯಿಗೆ ರಾತ್ರಿ ನಿದ್ದೆ ಬರುವುದಿಲ್ಲ. ನಿದ್ದೆ ಬಾರದ ಹಾಗೆ ಸುಮ್ಮನೆ ಆ ಕಲಾವಿದರ ಬಗ್ಗೆ ಹುಡುಕಿ ಓದತೊಡಗಿದೆ. ಓದುತ್ತ ಎದ್ದು ಕೂತೆ. ಸೀದ ಸೂರ್ಯನ ಕಥೆ ಶುರುವಾಗುವುದೇ ಪಾಠದಲ್ಲಿ ಗಮನವಿಲ್ಲದ ಒಬ್ಬ ಹುಡುಗನಿಂದ!

ಕಾಡಿನ ಹುಡುಗ

ಸೈಯದ್ ಹೈದರ್ ರಝಾ ಹುಟ್ಟಿದ್ದು 1922ರ ಫೆಬ್ರುವರಿ 22ರಂದು, ಇಂದಿನ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಬಾಬರಿಯಾ ಎಂಬಲ್ಲಿ. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ನರ್ಮದಾ ನದಿ ಹರಿಯುವ ಸೀಮೆ, ಮನೆಯ ಸುತ್ತ ದಟ್ಟ ಕಾಡು. ರಾತ್ರಿಯಾದರೆ ಗವ್ವೆನ್ನುವ ಕತ್ತಲು, ಕಾಡಿನ ಸದ್ದುಗಳು. ಗೊಂಡ ಜನರ ಕುಣಿತದ ರಾತ್ರಿಗಳಲ್ಲಿ ಮಾತ್ರ ಆ ಕತ್ತಲಿಗೆ ಮನುಷ್ಯರ ದನಿ ಕೂಡುತ್ತಿತ್ತು. ಬೆಳಗಾದೊಡನೆ ಎಲ್ಲವೂ ಮತ್ತೆ ನಿರ್ಭಯ; ಸಂತೆಯ ದಿನವಾದರೆ ಎಲ್ಲಿ ನೋಡಿದರೂ ಬಣ್ಣ. ಆ ಕತ್ತಲಿನ ಭಯವನ್ನೂ ಬೆಳಗಿನ ಸಮಾಧಾನವನ್ನೂ ರಝಾ ಮುದುಕರಾದ ಮೇಲೂ ನೆನೆಯುತ್ತಿದ್ದರು.

ಶಾಲೆಯಲ್ಲಿ ಹುಡುಗನ ಮನಸ್ಸು ನಿಲ್ಲುತ್ತಿರಲಿಲ್ಲ. ಅವನಿಗೆ ಎಂಟು ವರ್ಷದ ಆಸುಪಾಸು ಇದ್ದಾಗ ಒಂದು ದಿನ ಮುಖ್ಯೋಪಾಧ್ಯಾಯರು ಪಾಠ ಮುಗಿದ ಮೇಲೆ ಅವನನ್ನು ನಿಲ್ಲಿಸಿಕೊಂಡರು. ಬೆತ್ತ ತೆಗೆಯಲಿಲ್ಲ. ಜಗುಲಿಯ ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಉಳಿದದ್ದನ್ನೆಲ್ಲ ಬಿಟ್ಟು ಇದೊಂದನ್ನೇ ನೋಡುತ್ತ ಕೂರು ಎಂದರು. ಹುಡುಗ ನೋಡಿದ. ಸುತ್ತಲಿನದು ಸರಿಯುತ್ತ ಹೋಗಿ ಚುಕ್ಕೆ ಮಾತ್ರ ಉಳಿಯಿತು. ಮನಸ್ಸು ತಣ್ಣಗಾಯಿತು.

ಇಷ್ಟು ಓದಿದಾಗ ನನಗನ್ನಿಸಿದ್ದು, ಆಹಾ, ಮದ್ದು ಸಿಕ್ಕಿತು! ಗೋಡೆಗೊಂದು ಚುಕ್ಕೆ ಇಟ್ಟರೆ ಸಾಕು, ಮಗ ಸರಿಹೋಗುತ್ತಾನೆ, ಯಾರಿಗೆ ಗೊತ್ತು, ದೊಡ್ಡ ಕಲಾವಿದನೂ ಆಗಬಹುದು. ಆದರೆ ಮುಂದೆ ಓದಿದಂತೆ ನನ್ನ ಲೆಕ್ಕ ತಪ್ಪಿತು. ಏಕೆಂದರೆ ಆ ಚುಕ್ಕೆ ರಝಾ ಅವರ ಕ್ಯಾನ್ವಾಸಿನ ನಡುವೆ ಬಂದು ಕೂತದ್ದು ಸುಮಾರು ಐವತ್ತು ವರ್ಷಗಳ ನಂತರ.

ನಡುವೆ ಆ ಐವತ್ತು ವರ್ಷ ಏನಾಯಿತು? ಮರುದಿನ ಭಾನುವಾರ. ಕಂಪ್ಯೂಟರಿನಲ್ಲಿ ಅವರ ಚಿತ್ರಗಳನ್ನು ಇಸವಿಯ ಪ್ರಕಾರ ಸಾಲಾಗಿ ಜೋಡಿಸಿಕೊಂಡು ನಾನೂ ಮಗನೂ ನೋಡುತ್ತ ಕೂತೆವು.

ಗಟ್ಟಿ ಕಟ್ಟಡ ಬೇಕು

ಶುರುವಿನಲ್ಲಿ ಎಲ್ಲರಿಗೂ ಅರ್ಥವಾಗುವ ಚಿತ್ರಗಳೇ ಇದ್ದವು. ನಾಗಪುರದ ಕಲಾಶಾಲೆಯಲ್ಲಿ ಕಲಿತು ರಝಾ ಮುಂಬೈನ ಸರ್ ಜೆ.ಜೆ. ಕಲಾಶಾಲೆಗೆ ಬಂದರು. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು ಓದಿದ್ದೂ ಅಲ್ಲಿಯೇ. ಹೊಟ್ಟೆಪಾಡಿಗೆ ಸ್ಟುಡಿಯೋ ಒಂದರಲ್ಲಿ ಕೆಲಸ, ಬಿಡುವಿನಲ್ಲಿ ಬೀದಿಗಿಳಿದು ಜಲವರ್ಣ. ಮುಂಬೈನ ಮಳೆ, ರಸ್ತೆ, ಜನ ಎಲ್ಲ ಅವಸರದ ಕುಂಚದ ಬೀಸಿನಲ್ಲಿ ಹರಿದಾಡುವ ಚಿತ್ರಗಳವು. 1947ರಲ್ಲಿ ಎಫ್.ಎನ್. ಸೋಜಾ, ಎಂ.ಎಫ್. ಹುಸೇನ್, ಕೆ.ಎಚ್. ಆರಾ ಮೊದಲಾದವರೊಂದಿಗೆ ಸೇರಿ ‘ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್’ ಕಟ್ಟಿದರು. ಅದೇ ವರ್ಷ ತಾಯಿ ತೀರಿಕೊಂಡರು, ಮರುವರ್ಷ ತಂದೆ. ದೇಶ ಇಬ್ಭಾಗವಾದಾಗ ಒಡಹುಟ್ಟಿದವರು ಪಾಕಿಸ್ತಾನಕ್ಕೆ ಹೋದರು. ರಝಾ ಇಲ್ಲಿಯೇ ಉಳಿದರು.

1948ರಲ್ಲಿ ಅವರು ಚಿತ್ರ ಬರೆಯಲು ಕಾಶ್ಮೀರಕ್ಕೆ ಹೋದರು. ಅಲ್ಲಿ ಫ್ರಾನ್ಸಿನ ಪ್ರಸಿದ್ಧ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸಾನ್ ಭೇಟಿಯಾದರು. ರಝಾ ಅವರ ಚಿತ್ರಗಳನ್ನು ನೋಡಿ ಆತ ಹೊಗಳಿ ಸುಮ್ಮನಾಗಲಿಲ್ಲ. ನಿನಗೆ ಪ್ರತಿಭೆಯಿದೆ, ಆದರೆ ಚಿತ್ರಕ್ಕೆ ಕಟ್ಟಡದ ಗಟ್ಟಿತನವಿಲ್ಲ. ಸೆಝಾನ್‌ನನ್ನು ಅಧ್ಯಯನ ಮಾಡು ಎಂಬ ಅರ್ಥದ ಮಾತು ಹೇಳಿದರು.

ಪಾಲ್ ಸೆಝಾನ್ ಫ್ರಾನ್ಸಿನ ಹಿರಿಯ ಚಿತ್ರಕಾರ. ಒಂದೇ ಬೆಟ್ಟವನ್ನು ಮತ್ತೆ ಮತ್ತೆ ಬರೆದವನು. ಗಾರೆಯವನು ಇಟ್ಟಿಗೆ ಇಡುವಂತೆ ಬಣ್ಣದ ತುಂಡುಗಳನ್ನು ಒಂದರ ಪಕ್ಕ ಒಂದು ಇಟ್ಟು ಬೆಟ್ಟವನ್ನು ‘ಕಟ್ಟಿದವನು’. ಅವನ ಚಿತ್ರದಿಂದ ಒಂದು ತುಂಡು ತೆಗೆದರೆ ಇಡೀ ಬೆಟ್ಟ ಕುಸಿದೀತು ಅನ್ನಿಸುತ್ತದೆ.

ಆ ಟೀಕೆ ಕೇಳಿದಾಗ ರಝಾಗೆ ಇಪ್ಪತ್ತಾರು ವರ್ಷ. ಒಳ್ಳೆಯ ಹೆಸರು ಬರುತ್ತಿದ್ದ ಕಾಲ. ಮುನಿಸಿಕೊಳ್ಳಬಹುದಿತ್ತು. ಅದರ ಬದಲು ಮುಂಬೈಗೆ ಮರಳಿ ಫ್ರೆಂಚ್ ಭಾಷೆ ಕಲಿಯಲು ಕೂತರು. ಫ್ರಾನ್ಸ್ ಸರ್ಕಾರದ ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು 1950ರಲ್ಲಿ ಪ್ಯಾರಿಸ್ಸಿನ ಹಡಗು ಹತ್ತಿ, ಅಲ್ಲಿನ ಎಕೋಲ್ ದೆ ಬೋಜಾರ್ ಎಂಬ ಕಲಾಶಾಲೆಯಲ್ಲಿ ಮತ್ತೆ ವಿದ್ಯಾರ್ಥಿಯಾದರು.

ಕರಗಿದ ಮನೆಗಳು

ಪ್ಯಾರಿಸ್ಸಿನ ಮೊದಲ ವರ್ಷಗಳ ಚಿತ್ರಗಳು ಬಂದಾಗ ಮಗ ಕುರ್ಚಿಯಿಂದ ಮುಂದಕ್ಕೆ ಜಾರಿದ. ಮುಂಬೈನ ಹರಿದಾಟ ಎಲ್ಲಿಯೋ ಮಾಯ. ಮೂಲೆ ಮೂಲೆ ಹರಿತವಾದ ಮನೆಗಳು, ಚರ್ಚುಗಳು, ಆಟದ ಡಬ್ಬಿಗಳಂತೆ ಜೋಡಣೆಯಾಗಿ ನಿಂತಿದ್ದವು. ಮನುಷ್ಯರಿಲ್ಲ, ಗಾಳಿಯಿಲ್ಲ.

“ಅಮ್ಮಾ, ನಿಲ್ಸು! ಸೀದ ಸೂರ್ಯ!”

ನಾನು ಗಮನಿಸಿಯೇ ಇರಲಿಲ್ಲ. 1950ರ ದಶಕದ ಆರಂಭದ ಆ ಚಿತ್ರದಲ್ಲಿ, ಮನೆಗಳ ಸಾಲಿನ ಮೇಲೆ, ಆಕಾಶದಲ್ಲಿ ಕಪ್ಪು ಸೂರ್ಯನೊಬ್ಬ ತೂಗುತ್ತಿದ್ದ. ಬಿಂದು ಚಿತ್ರಗಳಿಗಿಂತ ಸುಮಾರು ಮೂವತ್ತು ವರ್ಷ ಮೊದಲೇ! ಚುಕ್ಕೆ ಆಗಲೇ ಬಂದು ಇಣುಕಿ ಹೋಗಿತ್ತು. ಆದರೆ ಆಗ ಅದು ಚಿತ್ರದ ಒಂದು ಮೂಲೆ ಮಾತ್ರ, ಚಿತ್ರದ ಹೃದಯವಾಗಿರಲಿಲ್ಲ.

ನಂತರದ ಚಿತ್ರಗಳಲ್ಲಿ ತೈಲವರ್ಣ ಬಂತು. ಬಣ್ಣ ಬೆಣ್ಣೆಯಂತೆ ದಪ್ಪವಾಯಿತು. ಮನೆಗಳ ಅಂಚುಗಳು ಮೆತ್ತಗಾಗಿ ಊರು, ಮರ, ಆಕಾಶ ಒಂದರೊಳಗೊಂದು ಕರಗಲು ಶುರುವಾದವು. 1956ರಲ್ಲಿ ರಝಾಗೆ ಫ್ರಾನ್ಸಿನ ವಿಮರ್ಶಕರ ಬಹುಮಾನ ‘ಪ್ರಿ ದ ಲಾ ಕ್ರಿಟಿಕ್’ ಬಂತು. ಫ್ರೆಂಚರಲ್ಲದವರೊಬ್ಬರಿಗೆ ಅದು ದೊರೆತದ್ದು ಅದೇ ಮೊದಲು. ಕಲಾಶಾಲೆಯಲ್ಲಿ ಪರಿಚಯವಾಗಿದ್ದ ಕಲಾವಿದೆ ಜನೀನ್ ಮೊಂಜಿಲಾ ಅವರನ್ನು 1959ರಲ್ಲಿ ಮದುವೆಯಾದರು.

1962ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸಂದರ್ಶಕ ಉಪನ್ಯಾಸಕರಾಗಿ ಹೋದಾಗ ಅಲ್ಲಿ ಮಾರ್ಕ್ ರಾತ್ಕೋನ ಚಿತ್ರಗಳು ಅವರನ್ನು ತಡೆದು ನಿಲ್ಲಿಸಿದವು. ಆತನ ದೊಡ್ಡ ಕ್ಯಾನ್ವಾಸುಗಳಲ್ಲಿ ಮನೆಯಿಲ್ಲ, ಮರವಿಲ್ಲ. ತೇಲುವ ಬಣ್ಣದ ಪಟ್ಟಿಗಳು, ಅಷ್ಟೇ. ಆದರೂ ನೋಡುವವರ ಎದೆಯಲ್ಲಿ ಏನೋ ಆಗುತ್ತದೆ. ಮರದ ಚಿತ್ರ ಬರೆಯದೆಯೇ ಕಾಡಿನ ಭಯ ಹೇಳಬಹುದು ಎಂಬ ದಾರಿ ಅಲ್ಲಿ ತೆರೆದಂತಾಯಿತು. ರಝಾ ನಿಧಾನವಾಗಿ ಒಣಗುವ ತೈಲವರ್ಣ ಬಿಟ್ಟು ಬೇಗ ಒಣಗುವ ಅಕ್ರಿಲಿಕ್ ಬಣ್ಣಕ್ಕೆ ಬಂದರು. ಕೈಯ ಬೀಸು ಮತ್ತೆ ಸಡಿಲವಾಯಿತು. ಮನೆಗಳು ಪೂರ್ತಿ ಕರಗಿದವು.

ಇಲ್ಲಿ ಮಗನಿಗೆ ‘ಅಮೂರ್ತ’ ಎಂಬ ಮಾತನ್ನು ವಿವರಿಸಬೇಕಾಯಿತು. “ಅಜ್ಜಿ ಮನೆ ನೆನಪು ಮಾಡ್ಕೋ. ಏನು ಬರುತ್ತೆ?” ಅಂದೆ. “ಹೊಗೆ ವಾಸನೆ. ಹಿತ್ತಲಲ್ಲಿ ತಣ್ಣಗೆ. ರಾತ್ರಿ ಭಯ” ಅಂದ. ಮನೆಗೆ ಎಷ್ಟು ಕಿಟಕಿ, ಹಂಚು ಯಾವ ಬಣ್ಣ ಎಂದು ಅವನು ಹೇಳಲಿಲ್ಲ. ಹೊಗೆ, ತಂಪು, ಭಯ. ಇವಕ್ಕೆ ಆಕಾರವಿಲ್ಲ, ಆದರೆ ಅವು ಸುಳ್ಳಲ್ಲ. “ಅದನ್ನೇ ಬಿಡಿಸೋಕೆ ಹೊರಟರೆ ಅಮೂರ್ತ ಚಿತ್ರ” ಅಂದೆ. ಅರ್ಥವಿಲ್ಲದ ಚಿತ್ರ ಎಂದು ಹಿಂದಿನ ವಾರ ಹೇಳಿದವಳೂ ನಾನೇ. ಅವನು ಅದನ್ನು ನೆನಪಿಸಲಿಲ್ಲ, ಪುಣ್ಯ.

ಗೆದ್ದ ಮೇಲೆ ಬಂದ ಬೇಸರ

ನನ್ನನ್ನು ಬಹಳ ಕಾಡಿದ ಭಾಗ ಮುಂದಿನದು. 1970ರ ದಶಕದ ಹೊತ್ತಿಗೆ ರಝಾಗೆ ಎಲ್ಲ ಇತ್ತು. ಪ್ಯಾರಿಸ್ಸಿನಲ್ಲಿ ಮನೆ, ದಕ್ಷಿಣ ಫ್ರಾನ್ಸಿನ ಗೋರ್ಬಿಯೋ ಎಂಬ ಹಳ್ಳಿಯಲ್ಲಿ ಬೇಸಿಗೆ ಕಳೆಯಲು ಇನ್ನೊಂದು ಮನೆ, ಹೆಸರು, ಚಿತ್ರ ಕೊಳ್ಳುವವರು. ಅದೇ ಹೊತ್ತಿಗೆ ಅವರಿಗೆ ತಮ್ಮ ಚಿತ್ರಗಳ ಬಗ್ಗೆಯೇ ಅತೃಪ್ತಿ ಹುಟ್ಟಿತು. ಚಿತ್ರ ಕಟ್ಟುವುದು ಗೊತ್ತು, ಬಣ್ಣದ ಗುಟ್ಟು ಗೊತ್ತು. ಆದರೆ ಇದರಲ್ಲಿ ನಾನೆಲ್ಲಿದ್ದೇನೆ, ನನ್ನ ಊರೆಲ್ಲಿದೆ ಎಂಬ ಪ್ರಶ್ನೆ.

ಐವತ್ತು ದಾಟಿದ ಮನುಷ್ಯ, ಚೆನ್ನಾಗಿ ನಡೆಯುತ್ತಿದ್ದ ಶೈಲಿಯನ್ನು ಅನುಮಾನಿಸುವುದು ಸಣ್ಣ ಧೈರ್ಯವಲ್ಲ. ನಾವಾದರೆ ‘ಹೇಗೂ ನಡೀತಿದೆಯಲ್ಲ’ ಎಂದು ಮುಂದುವರಿಸುತ್ತೇವೆ. ರಝಾ ಭಾರತಕ್ಕೆ ಮತ್ತೆ ಮತ್ತೆ ಬಂದರು. ಅಜಂತಾ ಎಲ್ಲೋರಾ, ಬನಾರಸ್, ರಾಜಸ್ಥಾನ, ಗುಜರಾತ್ ಸುತ್ತಿದರು. ಹಳೆಯ ಕಿರುಚಿತ್ರಗಳ ಕೆಂಪು, ಹಳದಿ, ಕಪ್ಪುಗಳನ್ನು ಹೊಸದಾಗಿ ನೋಡಿದರು. ತಮ್ಮ ಬಾಲ್ಯದ ಕಡೆಗೂ ತಿರುಗಿದರು. ಅಲ್ಲಿ, ಜಗುಲಿಯ ಗೋಡೆಯ ಮೇಲೆ, ಆ ಚುಕ್ಕೆ ಕಾಯುತ್ತಿತ್ತು.

1980ರ ಸುಮಾರಿಗೆ ‘ಬಿಂದು’ ಅವರ ಕ್ಯಾನ್ವಾಸಿನ ನಡುವಿಗೆ ಬಂತು. 1981ರಲ್ಲಿ ‘ಮಾ’ ಎಂಬ ಚಿತ್ರ ಬರೆದರು. ಒಂದು ಕಡೆ ದೊಡ್ಡ ಕಪ್ಪು ಬಿಂದು, ಇನ್ನೊಂದು ಕಡೆ ಉರಿಯುವ ಬಣ್ಣಗಳು, ಅಲ್ಲಿಯೇ ತಾಯಿಯನ್ನು ಕರೆಯುವ ಹಿಂದಿ ಕವಿತೆಯ ಸಾಲೊಂದು ದೇವನಾಗರಿಯಲ್ಲಿ. ಮೂವತ್ತು ವರ್ಷ ದೂರದ ಊರಿನಲ್ಲಿದ್ದ ಮಗ ಅಮ್ಮನಿಗೆ ಬರೆದ ಕಾಗದದ ಹಾಗಿದೆ ಆ ಚಿತ್ರ. ಕಾಗದ ತಲುಪಬೇಕಾದವರು 1947ರಲ್ಲೇ ಹೋಗಿದ್ದರು ಎಂಬುದು ನೆನಪಾಗಿ ನನಗೆ ಸ್ವಲ್ಪ ಹೊತ್ತು ಮುಂದಿನ ಚಿತ್ರ ತೆರೆಯಲಾಗಲಿಲ್ಲ.

ಒಂದೇ ಚುಕ್ಕೆ, ಹಲವು ಚಿತ್ರ

“ಆಮೇಲೆ ಬರೀ ಚುಕ್ಕೇನೇ ಬಿಡಿಸಿದ್ರಾ? ಬೋರ್ ಆಗಲ್ವಾ?” ಎಂದು ಮಗ ಕೇಳಿದ. ನಾನು ಉತ್ತರಿಸದೆ ಚಿತ್ರಗಳನ್ನು ತೋರಿಸಿದೆ. ಒಂದರಲ್ಲಿ ಬಿಂದು ಕಪ್ಪು ಸೂರ್ಯ. ಒಂದರಲ್ಲಿ ಮಣ್ಣಿನೊಳಗಿನ ಬೀಜ. ಸುತ್ತಲಿನ ಗೆರೆಗಳು ಮೊಳಕೆಯ ಹಾಗೆ ಮೇಲೇಳುತ್ತವೆ. ಒಂದರಲ್ಲಿ ಮೇಲ್ಮುಖದ ತ್ರಿಕೋನವೂ ಕೆಳಮುಖದ ತ್ರಿಕೋನವೂ ಸೇರಿ ಪ್ರಕೃತಿ, ಪುರುಷ. ಕಪ್ಪು, ಬಿಳಿ, ಕೆಂಪು, ಹಳದಿ, ನೀಲಿ ಈ ಐದು ಬಣ್ಣಗಳನ್ನು ರಝಾ ಪಂಚಭೂತಗಳೊಂದಿಗೆ ಹೊಂದಿಸಿ ನೋಡುತ್ತಿದ್ದರು. ಅವರಿಗೆ ಕಪ್ಪೆಂದರೆ ಸುಟ್ಟದ್ದಲ್ಲ, ಉಳಿದ ಬಣ್ಣಗಳೆಲ್ಲ ಹುಟ್ಟುವ ತಾಯಿಬಣ್ಣ. 1983ರ ‘ಸೌರಾಷ್ಟ್ರ’ ಎಂಬ ಚಿತ್ರದಲ್ಲಂತೂ ಹಳೆಯ ಸಡಿಲ ಕುಂಚದ ಬೀಸೂ ಹೊಸ ಬಿಂದುವೂ ಒಂದೇ ಕ್ಯಾನ್ವಾಸಿನಲ್ಲಿ ಅಕ್ಕಪಕ್ಕ ಇವೆ. ಮುಂದಿನ ವರ್ಷಗಳಲ್ಲಿ ಗೆರೆಗಳು ಇನ್ನೂ ಶಿಸ್ತಾದವು. ಕೊನೆಕೊನೆಗೆ ಕೆಲವು ಚಿತ್ರಗಳಲ್ಲಿ ಬೆಂಕಿಯ ಬಣ್ಣಗಳೂ ಇಳಿದು ಬರಿಯ ಬಿಳಿ, ಬೂದು ವೃತ್ತಗಳಾದವು.

ನನಗೆ ನಮ್ಮಜ್ಜಿಯ ರಂಗೋಲಿ ನೆನಪಾಯಿತು. ‘ಹದಿನೈದು ಚುಕ್ಕಿ, ಎಂಟರವರೆಗೆ ಸಂದು’ ಎಂದು ಚುಕ್ಕಿ ಇಟ್ಟು ಮುಗಿಸಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಅದೇ ಚುಕ್ಕಿಗಳಿಂದ ಒಂದು ದಿನ ಕಮಲ, ಒಂದು ದಿನ ನವಿಲು. ಚುಕ್ಕಿ ಇಡುವುದು ಯಾರಿಗೂ ಬರುತ್ತದೆ. ಗೆರೆ ಯಾವ ಕಡೆಯಿಂದ ಹರಿಯಬೇಕು ಎಂದು ಕಾಣುವುದಕ್ಕೆ ಅಜ್ಜಿಗೆ ಎಷ್ಟು ಬೆಳಗುಗಳು ಬೇಕಾದವೋ. ‘ತಟ್ಟೆ ಕವುಚಿ ಗೆರೆ ಎಳೆದರಾಯ್ತು’ ಎಂದ ಆ ಹಿರಿಯರ ಮಾತೂ ನೆನಪಾಯಿತು. ವೃತ್ತ ಎಳೆಯುವುದು ಅವರ ಮೊಮ್ಮಗಳಿಗೂ ಬರುತ್ತದೆ, ನಿಜ. ಆದರೆ ಈ ವೃತ್ತದ ಹಿಂದೆ ಮುಂಬೈನ ಮಳೆ ಇದೆ, ಕಾಶ್ಮೀರದಲ್ಲಿ ಕೇಳಿದ ಟೀಕೆ ಇದೆ, ಪ್ಯಾರಿಸ್ಸಿನ ಡಬ್ಬಿಮನೆಗಳಿವೆ, ಅವನ್ನೆಲ್ಲ ಕಲಿತು ಆಮೇಲೆ ಒಂದೊಂದಾಗಿ ಬಿಟ್ಟದ್ದಿದೆ. ‘ಸೌರಾಷ್ಟ್ರ’ 2010ರಲ್ಲಿ ಲಂಡನ್ನಿನ ಹರಾಜಿನಲ್ಲಿ 16 ಕೋಟಿ ರೂಪಾಯಿಗೂ ಹೆಚ್ಚು ಬೆಲೆಗೆ ಹೋಯಿತು. ಮಗನಿಗೆ ಈ ಅಂಕಿ ಹೇಳಿದಾಗ ಕಣ್ಣರಳಿಸಿದ. ಆದರೆ ನನಗೆ ಬೆಲೆಗಿಂತ ದೊಡ್ಡದಾಗಿ ಕಂಡದ್ದು, ಕೈಗೆ ಬಂದದ್ದನ್ನು ಬಿಡುವ ಆ ಮೂರ್ನಾಲ್ಕು ಸಂದರ್ಭಗಳು.

ಜನೀನ್ 2002ರಲ್ಲಿ ತೀರಿಕೊಂಡರು. ಅರವತ್ತು ವರ್ಷ ಫ್ರಾನ್ಸಿನಲ್ಲಿ ಕಳೆದ ರಝಾ 2010ರ ಕೊನೆಗೆ ದೆಹಲಿಗೆ ಮರಳಿ ಬಂದು ನೆಲೆಸಿದರು. ಆಗ ಅವರಿಗೆ 88. ಆ ವಯಸ್ಸಿನಲ್ಲೂ ಸ್ಟುಡಿಯೋ ಬಿಡಲಿಲ್ಲ. 2013ರಲ್ಲಿ ಪದ್ಮವಿಭೂಷಣ ಬಂತು. 2016ರ ಜುಲೈ 23ರಂದು ಕೊನೆಯುಸಿರೆಳೆದರು. ಅವರ ಇಚ್ಛೆಯಂತೆ ದೇಹವನ್ನು ಮಂಡ್ಲಾಕ್ಕೆ ಒಯ್ದು ತಂದೆಯ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಹುಟ್ಟಿದ ಸೀಮೆಯಿಂದ ಹೊರಟ ಗೆರೆ ಜಗತ್ತು ಸುತ್ತಿ ಅಲ್ಲಿಗೇ ಬಂದು ಸೇರಿತು.

ನಮ್ಮ ಮನೆಯ ಗೋಡೆ

ಆ ಭಾನುವಾರ ಸಂಜೆ ನಾನೂ ಊಟದ ಮೇಜಿನ ಎದುರಿನ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟೆ. ಬಾಡಿಗೆ ಮನೆ, ಓನರ್ ಬೈದರೆ ಅಳಿಸಿದರಾಯಿತು ಅಂದುಕೊಂಡೆ. ಮಗ ಕೂತ. ಹತ್ತು ಸೆಕೆಂಡಿಗೆ ಮೂಗು ತುರಿಸಿಕೊಂಡ. ಇಪ್ಪತ್ತಕ್ಕೆ ಕಾಲು ಅಲ್ಲಾಡಿಸಿದ. ಅರ್ಧ ನಿಮಿಷಕ್ಕೆ ಎದ್ದು ಓಡಿದ. ಮರುದಿನ ತಾನಾಗಿಯೇ ಬಂದು ಕೂತು, “ಅಮ್ಮಾ, ಅದು ಅಲ್ಲಾಡ್ತಾ ಇದೆ” ಅಂದ. ಮೂರನೇ ದಿನ, “ಇವತ್ತು ದೊಡ್ಡದಾಗಿದೆ.” ಆ ವಾರದ ಕೊನೆಯಲ್ಲಿ ಕೂತಲ್ಲಿಂದ ಎದ್ದವನೇ ಡ್ರಾಯಿಂಗ್ ಪುಸ್ತಕದ ಒಂದು ಹಾಳೆಯ ತುಂಬ ಕಪ್ಪು ಕ್ರೇಯಾನ್ ತಿಕ್ಕಿ, ಒಂದು ಮೂಲೆಯಲ್ಲಿ ಸಣ್ಣಗೆ ಹಳದಿ ಬಿಟ್ಟ.

“ಇದೇನೋ?”

“ಅಜ್ಜಿ ಮನೇಲಿ ರಾತ್ರಿ ಎಚ್ಚರ ಆದ್ರೆ ಹೀಗಿರುತ್ತೆ. ಇದು ಬಚ್ಚಲುಮನೆ ಲೈಟು.”

ಅವನು ಅಲ್ಲಿ ರಾತ್ರಿ ಹೆದರುತ್ತಾನೆ ಎಂದು ಅವತ್ತು ಕಂಪ್ಯೂಟರಿನ ಮುಂದೆ ಹೇಳಿದ್ದ. ನಾನು ಅದನ್ನು ಉದಾಹರಣೆಯಾಗಿ ಬಳಸಿ ಮುಂದೆ ಹೋಗಿದ್ದೆ, ಕೇಳಿಸಿಕೊಂಡಿರಲಿಲ್ಲ. ಹಾಳೆ ನೋಡಿದ ಮೇಲೆ ಕೇಳಿಸಿತು. ಮುಂದಿನ ಸಲ ಅಜ್ಜಿ ಮನೆಗೆ ಹೋದಾಗ ನನ್ನ ಹಾಸಿಗೆ ಅವನ ಪಕ್ಕಕ್ಕೆ ಬಂತು.

ಶಾಲೆಯ ಡೈರಿಯಲ್ಲಿ ಕೆಂಪು ಟಿಪ್ಪಣಿ ನಿಂತಿಲ್ಲ. ಹೋದ ತಿಂಗಳೂ ಒಂದು ಬಂದಿದೆ. ಹಾಗಾಗಿ ಇದನ್ನು ಓದಿ ಯಾರಾದರೂ ಗೋಡೆಗೆ ಚುಕ್ಕೆ ಇಟ್ಟು ಮಗು ನಾಳೆಯೇ ಬದಲಾಗಲಿ ಎಂದು ಕಾದರೆ ನಾನು ಜವಾಬ್ದಾರಳಲ್ಲ. ಜಗುಲಿಯ ಗೋಡೆಯ ಮೇಲೆ ಚುಕ್ಕೆ ಇಟ್ಟ ಆ ಮೇಷ್ಟ್ರಿಗೂ ಅಂದು ಬೇಕಾಗಿದ್ದದ್ದು ಇಷ್ಟೇ ಇರಬೇಕು: ಹುಡುಗ ಒಂದು ಗಳಿಗೆ ತಣ್ಣಗೆ ಕೂರಲಿ.

ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೊಬ್ಬಳೇ ಆ ಚುಕ್ಕೆಯ ಮುಂದೆ ಕೂತೆ. ನಾಳೆಯ ತಿಂಡಿ, ಗ್ಯಾಸ್ ಬುಕಿಂಗು, ಫೋನಿನ ಟಿಣ್ ಸದ್ದು. ನಲವತ್ತು ಸೆಕೆಂಡಿಗೆ ಎದ್ದೆ. ಮಗನ ದಾಖಲೆ ಈಗ ಎರಡು ನಿಮಿಷ.